ಮುಚ್ಚಳ ತೆಗೆದು ನೋಡುವ ನಾದಿನಿ

ನಮ್ಮ ನಾದಿನಿಯನ್ನು ಊಟ ಆಯಿತೇ ಎಂದು ಕೇಳಬಾರದು. ಕೇಳಿದರೆ, "ಊಟ ಆಯ್ತು ಅತ್ತಿಗೆ. ಆದ್ರೆ ಅದು ಬರೀ ಚಟುವಟಿಕೆ. ಹೊಟ್ಟೆ ತುಂಬ್ತಾ ಅಂತ ಕೇಳಿ, ಅದು ಫಲಿತಾಂಶ" ಎನ್ನುತ್ತಾಳೆ. ಇಂಥವಳ ಜೊತೆ ಒಂದೇ ಸೂರಿನಡಿ ಇಷ್ಟು ವರ್ಷ ಬಾಳಿದ್ದೇನೆ. ನ್ಯಾಯವಾಗಿ ಯಾರಾದರೂ ನನಗೆ ಶಾಲು ಹೊದಿಸಬೇಕಿತ್ತು. ಹೊದಿಸಿದ್ದು ಅವಳಿಗೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ನಾದಿನಿ ಎಂದರೆ ನಮ್ಮ ಯಜಮಾನರ ತಂಗಿ. ಶ್ರೀಗಂಧದ ಕಾವಲು ಬಡಾವಣೆಯಲ್ಲಿ ನಮ್ಮದು ಚಿಕ್ಕ ಸೈಟಿನ ಮನೆ. ಕೆಳಗೆ ನಾವು ಗಂಡ ಹೆಂಡತಿ. ಮೇಲೆ ಒಂದು ಪಾಲಿನಲ್ಲಿ ಅವಳು, ಇನ್ನೊಂದು ಪಾಲಿನಲ್ಲಿ ಬಾಡಿಗೆಯವರು. ಅದರ ಮೇಲೆ ತಾರಸಿ. ಅವಳಿಗೆ ಯೂನಿವರ್ಸಿಟಿಯಲ್ಲಿ ಕೆಲಸ ಎಂದರೆ ಜನ ಪಾಠ ಹೇಳುತ್ತಾಳೆ ಎಂದುಕೊಳ್ಳುತ್ತಿದ್ದರು. ಪಾಠ ಹೇಳುವವರು ಬೇರೆ. ಇವಳದು ಗೇಟಿನ ಹೊರಗಿನ ಕೆಲಸ. ಒಳಗೆ ಕೂತ ದೊಡ್ಡವರು ಕಂಡುಹಿಡಿದದ್ದನ್ನು ಹೊರಗಿನ ಹೆಂಗಸರಿಗೆ ಕಲಿಸಿಕೊಡುವುದು. ಅಡುಗೆಮನೆಯ ಕಸದಿಂದ ಗೊಬ್ಬರ ಮಾಡುವುದು, ಚೀಲದಲ್ಲಿ ಮಣ್ಣು ತುಂಬಿ ತಾರಸಿಯ ಮೇಲೆ ತರಕಾರಿ ಬೆಳೆಯುವುದು, ಇಂಥವು. ಅದಕ್ಕೆ ವಿಸ್ತರಣೆ ಎಂದು ಹೆಸರು. ರಸ್ತೆ ಅಗಲ ಮಾಡುವ ಇಲಾಖೆ ಇರಬೇಕು ಎಂದು ನಾನು ಬಹಳ ದಿನ ತಿಳಿದಿದ್ದೆ.

ಈ ಕೆಲಸಕ್ಕೆ ಒಂದು ಕಟ್ಟುಪಾಡಿದೆ. ಪ್ರತಿ ಮಾರ್ಚ್ ತಿಂಗಳಲ್ಲಿ, ಮುಂದಿನ ವರ್ಷ ಯಾರಿಗೆ ಏನು ಕಲಿಸುತ್ತೇವೆ, ಅದರಿಂದ ಏನು ಬದಲಾಗಬೇಕು ಎಂದು ಯೋಜನೆ ಬರೆದು ಕೊಡಬೇಕು. ಹೋದ ವರ್ಷ ಕಲಿಸಿದ್ದರಿಂದ ಏನು ಬದಲಾಯಿತು ಎಂದು ವರದಿಯನ್ನೂ ಕೊಡಬೇಕು. ಅವಳ ಜೊತೆಯವರು ಇದನ್ನು ಬಲು ಸುಲಭದಲ್ಲಿ ಮುಗಿಸುತ್ತಿದ್ದರು. ಬಂದವರ ತಲೆ ಎಣಿಸಿದರು, ಬ್ಯಾನರಿನ ಮುಂದೆ ನಿಲ್ಲಿಸಿ ಫೋಟೋ ತೆಗೆದರು, ಕಾಫಿ ಬಿಸ್ಕತ್ತು ಕೊಟ್ಟರು, ವರದಿ ಆಯಿತು. ನಮ್ಮವಳಿಗೆ ಅದು ಸಾಲದು. ತಲೆ ಎಣಿಸುವುದು ಕುರಿ ಕಾಯುವವರ ಕೆಲಸ ಎನ್ನುವಳು. ಕಲಿಸಿ ಕೆಲವು ತಿಂಗಳಾದ ಮೇಲೆ, ಹೇಳದೆ ಕೇಳದೆ ಆ ಹೆಂಗಸರ ಮನೆಗೇ ಹೋಗಿ, ಯೂನಿವರ್ಸಿಟಿಯಿಂದ ಕೊಟ್ಟ ಗೊಬ್ಬರದ ಡ್ರಮ್ಮಿನ ಮುಚ್ಚಳ ತೆಗೆದು ನೋಡುವಳು!

ಒಳಗೆ ಗೊಬ್ಬರ ಇರಬೇಕಲ್ಲ? ಅನ್ನಪೂರ್ಣೇಶ್ವರಿ ನಗರದ ಒಂದು ಮನೆಯ ಡ್ರಮ್ಮಿನಲ್ಲಿ ರಾಗಿ ಹಿಟ್ಟಿತ್ತು. ಇನ್ನೊಂದು ಮನೆಯಲ್ಲಿ ಚಳಿಗಾಲದ ರಗ್ಗು. ಮತ್ತೊಬ್ಬಾಕೆ ಗಂಡನ ಕಣ್ಣಿಗೆ ಬೀಳಬಾರದೆಂದು ಹೊಸ ಸೀರೆಯನ್ನು ಅದರೊಳಗೆ ಇಟ್ಟಿದ್ದಳು. ನಮ್ಮವಳು ಮುಚ್ಚಳ ತೆಗೆದಾಗ ಗಂಡ ಪಕ್ಕದಲ್ಲೇ ನಿಂತಿದ್ದ. ಆ ಮನೆಯಲ್ಲಿ ಆಮೇಲೆ ಏನು ಬದಲಾಯಿತು ಎಂದು ವರದಿಯಲ್ಲಿ ಬರೆಯಲಿಲ್ಲವಂತೆ. ನನಗೂ ಒಂದು ಡ್ರಮ್ಮು ಕೊಟ್ಟಿದ್ದಳು. ನಾನು ಅದರಲ್ಲಿ ಅಕ್ಕಿ ತುಂಬಿಟ್ಟೆ. ಗಟ್ಟಿ ಡ್ರಮ್ಮು, ಇಲಿ ಹತ್ತಿರ ಸುಳಿಯುವುದಿಲ್ಲ. ಅಂಥದ್ದರಲ್ಲಿ ಯಾರಾದರೂ ಹೀರೇಕಾಯಿ ಸಿಪ್ಪೆ ಹಾಕುತ್ತಾರೆಯೇ?

ಈ ಚಾಳಿ ಕೆಲಸದ ಹೊತ್ತಿಗೆ ಮುಗಿಯುವುದಿಲ್ಲ. ಯಾರ ಮನೆಗೆ ಹೋದರೂ ಅವಳ ಕೈ ಮುಚ್ಚಳಕ್ಕೇ ಹೋಗುತ್ತದೆ. ವಿಜಯನಗರದಲ್ಲಿ ನೆಂಟರ ಗೃಹಪ್ರವೇಶಕ್ಕೆ ಹೋದಾಗ ಸೀದಾ ಅಡುಗೆಯವರ ಹತ್ತಿರ ನಡೆದು ಒಂದೊಂದೇ ಪಾತ್ರೆಯ ಮುಚ್ಚಳ ಎತ್ತಿ ಇಣುಕಿದಳು. ಅಡುಗೆ ಭಟ್ಟರು ಆಹಾರ ಇಲಾಖೆಯವಳೆಂದು ಗಾಬರಿ ಬಿದ್ದು, ಮೊದಲ ಪಂಕ್ತಿಯಲ್ಲಿ ಕೂರಿಸಿ, ಕೇಳದೆಯೇ ಹೋಳಿಗೆಯ ಮೇಲೆ ಹೋಳಿಗೆ ಹಾಕಿದರು. ಪಕ್ಕದಲ್ಲಿ ಕೂತಿದ್ದ ನನಗೂ ಬಿತ್ತು. ಅವಳ ಚಾಳಿಯಿಂದ ನನಗಾದ ಲಾಭ ಅದೊಂದೇ.

ಮದುವೆ ಯಾಕೆ ಆಗಲಿಲ್ಲ ಎಂದು ಜನ ಈಗಲೂ ಕೇಳುತ್ತಾರೆ. ಹೇಳುತ್ತೇನೆ, ನಾನೇ ಕಣ್ಣಾರೆ ನೋಡಿದ್ದು. ಆಗ ನಾವು ರಾಜಾಜಿನಗರದಲ್ಲಿ ಬಾಡಿಗೆಗಿದ್ದೆವು. ಹೆಣ್ಣು ನೋಡಲು ಬಂದ ಹುಡುಗ ಬ್ಯಾಂಕಿನಲ್ಲಿ ಗುಮಾಸ್ತ, ಒಳ್ಳೆಯವನೇ. ಹುಡುಗಿಗೆ ಏನಾದರೂ ಕೇಳುವುದಿದ್ದರೆ ಕೇಳಲಿ ಎಂದು ಅವನ ತಾಯಿ ದೊಡ್ಡ ಮನಸ್ಸು ಮಾಡಿ ಹೇಳಿದರು. ಕೇಳು ಎಂದರೆ ಕೇಳಿಯೇಬಿಡುವುದೇ?

"ಮದುವೆ ಆಗಿ ಒಂದು ವರ್ಷಕ್ಕೆ ನಿಮ್ಮಲ್ಲಿ ಏನು ಬದಲಾಗಿರಬೇಕು ಅಂತ ಅಂದ್ಕೊಂಡಿದೀರ?" ಎಂದಳು.

ಹುಡುಗ ಉಪ್ಪಿಟ್ಟನ್ನು ಗಂಟಲಲ್ಲಿ ಸಿಕ್ಕಿಸಿಕೊಂಡು ತಾಯಿಯ ಮುಖ ನೋಡಿದ. "ಅವನ್ಯಾಕಮ್ಮ ಬದಲಾಗ್ತಾನೆ? ಬದಲಾಗ್ಬೇಕಾದೋಳು ನೀನು" ಎಂದರು ತಾಯಿ.

"ಹಂಗಾದ್ರೆ ಈ ಯೋಜನೆ ನಡೆಯಲ್ಲ" ಎಂದು ಹೇಳಿ, ಹುಡುಗನ ಮುಂದಿದ್ದ ತಟ್ಟೆಯನ್ನು ಎತ್ತಿಕೊಂಡು ಒಳಗೆ ಬಂದುಬಿಟ್ಟಳು. ತಟ್ಟೆಯಲ್ಲಿ ಇನ್ನೂ ಅರ್ಧ ಉಪ್ಪಿಟ್ಟಿತ್ತು. ಮದುವೆ ಬೇಡವಾದರೆ ಬೇಡ, ಉಪ್ಪಿಟ್ಟನ್ನಾದರೂ ತಿನ್ನಲು ಬಿಡಬೇಕಿತ್ತು.

ಸರ್ಕಾರದ ವರ್ಷ ಮುಗಿಯುವ ಹೊತ್ತಿಗೇ ಯುಗಾದಿಯೂ ಬರುತ್ತದೆ. ಬೇರೆ ಮನೆಗಳಲ್ಲಿ ಬೇವು ಬೆಲ್ಲ ತಿಂದು ಪಂಚಾಂಗ ಕೇಳುತ್ತಾರೆ. ನಮ್ಮ ಮನೆಯಲ್ಲಿ ಬೇವು ಬೆಲ್ಲ ತಿಂದು ವಾರ್ಷಿಕ ಯೋಜನೆ ಕೇಳಬೇಕು. ಹೋದ ವರ್ಷ ಮನೆಯಲ್ಲಿ ಯಾರು ಏನು ಮಾಡುತ್ತೇವೆಂದು ಒಪ್ಪಿದ್ದರು, ಅದರಿಂದ ಏನಾಯಿತು, ಬರುವ ವರ್ಷದ ಗುರಿ ಏನು, ಎಲ್ಲವನ್ನೂ ಅವಳು ಓದುವಳು. ಹೊಸ ಬಟ್ಟೆ ಹಾಕಿಕೊಂಡು ನಾವು ಕಳ್ಳರ ಹಾಗೆ ಕೂರಬೇಕು. "ಪಂಚಾಂಗದಲ್ಲಾದ್ರೆ ಕೆಟ್ಟಿದ್ದಕ್ಕೆ ಶನಿ ಕಾರಣ. ಇವಳ ಪಂಚಾಂಗದಲ್ಲಿ ಎಲ್ಲದಕ್ಕೂ ನಾವೇ ಕಾರಣ" ಎಂದು ನಮ್ಮ ಯಜಮಾನರು ಗೊಣಗುವರು.

ಅವರಿಗೆ ಒಂದು ವರ್ಷ ಬೆಳಗಿನ ನಡಿಗೆಯ ಗುರಿ ಬಿತ್ತು. ಸಕ್ಕರೆ ಕಾಯಿಲೆ ಇಳಿಯಬೇಕಿತ್ತು. ಒಂದು ದಿನವೂ ತಪ್ಪಿಸದೆ ನಡೆದರು. ಕ್ಯಾನ್ವಾಸ್ ಶೂ ಸವೆದು ಹೋಯಿತು. ವರ್ಷದ ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಏರಿ ಕೂತಿದೆ! ವಿಚಾರಿಸಿದಾಗ ತಿಳಿಯಿತು, ಇವರು ದಿನಾ ನಡೆದದ್ದು ಮಾಗಡಿ ರಸ್ತೆಯ ಹೋಟೆಲಿನವರೆಗೆ. ಅಲ್ಲಿ ಇಡ್ಲಿ ವಡೆ, ಮೇಲೊಂದು ಕೇಸರಿಬಾತ್. "ಚಟುವಟಿಕೆ ಪೂರ್ತಿ, ಫಲಿತಾಂಶ ಉಲ್ಟಾ" ಎಂದು ಅವಳು ಓದಿದಳು. "ನಡೀಬೇಕು ಅಂದೆ, ತಿನ್ಬೇಡ ಅಂತ ಯೋಜನೇಲಿ ಇರ್ಲಿಲ್ವಲ್ಲಮ್ಮ" ಎಂದರು ಇವರು. ಅವಳು, ಹೌದು, ಅದು ಯೋಜನೆಯ ದೋಷ ಎಂದು ಒಪ್ಪಿಕೊಂಡುಬಿಟ್ಟಳು. ಹೀಗೆ ಒಪ್ಪಿಕೊಳ್ಳುವವಳ ಜೊತೆ ಜಗಳ ಆಡುವುದಾದರೂ ಹೇಗೆ?

ನನ್ನ ಗುರಿ ಮಾತ್ರ ಪ್ರತಿ ವರ್ಷ ಒಂದೇ: ಅತ್ತಿಗೆ ಬಾಡಿಗೆಯವರ ಮೇಲೆ ಕೂಗಾಡುವುದು ಕಡಿಮೆಯಾಗಬೇಕು. ಪ್ರತಿ ವರ್ಷವೂ ಒಂದೇ ಫಲಿತಾಂಶ: ಬದಲಾವಣೆ ಇಲ್ಲ, ಮುಂದಿನ ವರ್ಷಕ್ಕೆ ಮುಂದುವರಿಸಲಾಗಿದೆ. ನಾನು ಒಬ್ಬಟ್ಟು ತಿನ್ನುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಮನೆ ಓನರ್ ಆದಮೇಲೆ ಕೂಗಾಡದೆ ಇರಲಾಗುತ್ತದೆಯೇ? ನಲ್ಲಿ ಬಿಟ್ಟು ಹೋಗುತ್ತಾರೆ, ಗೇಟು ದಡಾರನೆ ಹಾಕುತ್ತಾರೆ.

ಇದೆಲ್ಲ ತಮಾಷೆಯಾಗಿ ನಡೆದುಕೊಂಡು ಹೋಗುತ್ತಿತ್ತು. ಅವಳ ನಿವೃತ್ತಿಗೆ ಮುಂಚಿನ ಕೊನೆಯ ವರದಿಯ ಹೊತ್ತಿಗೆ ತಮಾಷೆ ನಿಂತಿತು.

ನಮ್ಮ ಬೀದಿಯಲ್ಲಿ, ಸುತ್ತಮುತ್ತ, ಹೆಂಗಸರಿಗೆ ತಾರಸಿ ತೋಟ ಕಲಿಸುವ ಕಾರ್ಯಕ್ರಮ ಅವಳದೇ. ಜೊತೆಗೆ ಓಡಾಡಲು ಸವಿತ ಎಂಬ ಹುಡುಗಿಯನ್ನು ಗುತ್ತಿಗೆ ಮೇಲೆ ಕೊಟ್ಟಿದ್ದರು. ಚುರುಕಿನ ಹುಡುಗಿ, ಕೆಲಸ ಖಾಯಂ ಅಲ್ಲ, ಕಾರ್ಯಕ್ರಮ ಇರುವವರೆಗೆ ಮಾತ್ರ ಸಂಬಳ. ಆ ವರ್ಷ ಮೇಲಿನ ಸಾಹೇಬರು ಕರೆದು, ಪರಿಶೀಲನೆಗೆ ಸಮಿತಿ ಬರುತ್ತದೆ, ಫಲಿತಾಂಶ ಇಲ್ಲದ ಕಾರ್ಯಕ್ರಮಗಳನ್ನು ಮಾರ್ಚಿಗೆ ಮುಚ್ಚುತ್ತಾರೆ, ಚೆನ್ನಾಗಿ ವರದಿ ಬರೆಯಿರಿ ಎಂದು ಹೇಳಿ ಕಳಿಸಿದರು. ಚೆನ್ನಾಗಿ ಎಂದರೆ ಏನೆಂದು ಎಲ್ಲರಿಗೂ ಅರ್ಥವಾಗುತ್ತದೆ, ಇವಳೊಬ್ಬಳನ್ನು ಬಿಟ್ಟು. ಸವಿತನನ್ನು ಕರೆದುಕೊಂಡು ಮನೆ ಮನೆಗೆ ಹೋದಳು. ಗಿಡವಿಲ್ಲ. ಕೊಟ್ಟ ಚೀಲ ಎಲ್ಲಿ ಎಂದರೆ ಹೆಂಗಸರು ಹಲ್ಲು ಕಿರಿದು ಕಾಫಿ ಕೊಟ್ಟರು. ಇವಳು ಡ್ರಮ್ಮಿನ ಮುಚ್ಚಳ ತೆಗೆದಳು, ಮುಚ್ಚಿದಳು, ಬಂದಳು.

ಸಂಜೆ ನನ್ನ ಅಡುಗೆಮನೆಯ ಹೊಸಲಿನ ಮೇಲೆ ಬಂದು ಕೂತಳು. ನಾನು ಸೊಪ್ಪು ಬಿಡಿಸುತ್ತಿದ್ದೆ. ವಿಷಯ ಹೇಳಿದಳು.

"ಎಲ್ರೂ ಬೆಳೀತಾ ಇದಾರೆ ಅಂತ ಬರ್ದಾಕು. ಯಾರು ಬಂದು ನೋಡ್ತಾರೆ?" ಎಂದೆ.

"ನಾನು ನೋಡಿಬಿಟ್ಟಿದೀನಲ್ಲ ಅತ್ತಿಗೆ."

"ನೀನು ಸುಮ್ನಿದ್ರೆ ಆಯ್ತು."

"ನಾನೇನೋ ಜುಲೈಗೆ ಮನೆಗೆ ಬರ್ತೀನಿ. ಸವಿತ ಏಪ್ರಿಲ್‌ನಿಂದಾನೇ ಮನೇಲಿ ಕೂರ್ಬೇಕು. ಬರೆದ್ರೂ ತಪ್ಪು, ಬರೀದಿದ್ರೂ ತಪ್ಪು" ಎಂದು ಹೇಳಿ, ನಾನು ಬಿಡಿಸಿಟ್ಟ ಸೊಪ್ಪನ್ನು ಕಡ್ಡಿಯ ಜೊತೆ ಕಲಸಿ ಹಾಕಿದಳು. ಅವಳಿಗೆ ಗೊತ್ತೇ ಆಗಲಿಲ್ಲ. ಯಾವತ್ತೂ ಹಾಗೆ ಮಾಡಿದವಳಲ್ಲ.

ನನಗೆ ಸಿಟ್ಟು ಬಂತು. ಸುಳ್ಳು ಹೇಳಲು ಬಾರದ ಜನರಿಗಾಗಿ ಬೇರೆಯವರು ಸುಳ್ಳು ಹೇಳಬೇಕಾಗುತ್ತದೆ, ಅದೇ ಲೋಕದ ಕಷ್ಟ. ಮಾರನೆಯ ದಿನ ನಮ್ಮ ಸಾಲಿನ ಮನೆಗಳ ಹೆಂಗಸರನ್ನೆಲ್ಲ ಸೇರಿಸಿದೆ. ನಮ್ಮ ಬಾಡಿಗೆಯ ಮಂಜುಳನೂ ಬಂದಳು. ಅವಳು ಗಾರ್ಮೆಂಟ್ಸಿಗೆ ಹೋಗುವವಳು, ನಮ್ಮವಳ ಹತ್ತಿರ ತೋಟ ಕಲಿತವರಲ್ಲಿ ಮೊದಲಿನವಳು. ಸಮಿತಿ ಬರುವ ದಿನ ನಾಲ್ಕು ಮನೆಯ ತಾರಸಿಯ ಮೇಲೆ ಗಿಡ ಕಾಣಬೇಕು, ಅಷ್ಟೇ. ತಾರಸಿಯ ಬೀಗದ ಕೈ? ನಮ್ಮದು ಬಿಟ್ಟು ಉಳಿದ ಮೂರೂ ಮನೆಗಳ ಓನರುಗಳು ನನಗೆ ಗೊತ್ತಿರುವವರೇ. ಒಂದು ದಿನದ ಮಟ್ಟಿಗೆ ತೆಗೆಯಿರಿ ಎಂದೆ, ನಿಮ್ಮ ಮಾತಿಗೆ ಅಂತ ತೆಗೆಯುತ್ತೇವೆ ಎಂದರು.

ಗಿಡ ಎಲ್ಲಿಂದ? ಮಾಗಡಿ ರಸ್ತೆಯ ನರ್ಸರಿಯವನಿಗೆ ನಮ್ಮ ಯಜಮಾನರ ಪರಿಚಯ. ಅವನು ಕುಂಡಗಳನ್ನು ಮದುವೆ ಛತ್ರಗಳಿಗೆ ಬಾಡಿಗೆ ಕೊಡುವವನು. ನೋಡಿದರೆ ಎಲ್ಲ ಕುಂಡಕ್ಕೂ ಬಂಗಾರದ ಬಣ್ಣ ಬಳಿದು ಸುಸ್ವಾಗತ ಎಂದು ಬರೆದಿದ್ದಾನೆ! ಒಳಗೆ ಇರುವುದು ಬಣ್ಣದೆಲೆಯ ಕ್ರೋಟನ್. ಸಮಿತಿಯವರು ಕ್ರೋಟನ್ ಹುಳಿ ಮಾಡುತ್ತೀರಾ ಎಂದು ಕೇಳಿದರೆ? ಹುಡುಕಿ ಹುಡುಕಿ ಕಾಯಿ ಬಿಟ್ಟ ಬದನೆ, ಮೆಣಸಿನಕಾಯಿ, ಟೊಮೇಟೊ ಗಿಡಗಳು ಸಿಕ್ಕಿದವು. ಅವು ಒಂದು ತಾರಸಿಗೆ ಮಾತ್ರ ಸಾಕು. ಇರಲಿ, ನಮ್ಮ ಸಾಲಿನಲ್ಲಿ ಒಂದು ತಾರಸಿಯಿಂದ ಇನ್ನೊಂದಕ್ಕೆ ಮೋಟುಗೋಡೆಯ ಮೇಲಿಂದ ಕೈ ಚಾಚಿದರೆ ಮುಟ್ಟುತ್ತದೆ. ಸಮಿತಿ ಒಂದು ಮನೆಯ ಮೆಟ್ಟಿಲು ಇಳಿದು ಇನ್ನೊಂದರ ಮೆಟ್ಟಿಲು ಹತ್ತುವುದರೊಳಗೆ ಗಿಡಗಳು ಗೋಡೆ ದಾಟಿ ಅಲ್ಲಿ ಹೋಗಿ ನಿಂತಿರಬೇಕು. ಸಮಿತಿಯನ್ನು ಮೆಟ್ಟಿಲ ಹತ್ತಿರ ತಡೆದು ಮಾತಾಡಿಸುವ ಕೆಲಸ ನಮ್ಮ ಯಜಮಾನರದು. ಮಂಡಿನೋವಿನ ವಿಷಯ ತೆಗೆದರೆ ಅವರನ್ನು ದಾಟಿ ಯಾರೂ ಹೋಗಲಾರರು. ಬಣ್ಣದ ಕುಂಡಗಳಿಗೆಲ್ಲ ಗೋಣಿಚೀಲ ಸುತ್ತಿದೆವು. ನಾದಿನಿಗೆ ಒಂದು ಮಾತೂ ಹೇಳಲಿಲ್ಲ. ಹೇಳಿದ್ದರೆ ಯಾಕೆ, ಏನು, ಫಲಿತಾಂಶವೇನು ಎಂದು ಕೂತುಬಿಡುತ್ತಿದ್ದಳು.

ಸಮಿತಿ ಬಂತು. ಸಾಹೇಬರು, ಇನ್ನೊಬ್ಬರು ಮೇಷ್ಟರು, ಬೇರೆ ಊರಿನ ಯೂನಿವರ್ಸಿಟಿಯಿಂದ ಬಂದ ವಯಸ್ಸಾದ ಒಬ್ಬರು ಮೇಡಂ. ಮೊದಲು ನಮ್ಮ ತಾರಸಿ. ಮೇಡಂ ಗಿಡ ನೋಡಿ ಸಂತೋಷಪಟ್ಟರು. ಒಂದು ಬದನೆ ಗಿಡದಲ್ಲಿ ಕೈಯಷ್ಟು ದಪ್ಪದ ಕಾಯಿ ಜೋತು ಬಿದ್ದಿತ್ತು, ಅದನ್ನು ಮುಟ್ಟಿ ನೋಡಿದರು. ನಮ್ಮವಳ ಮುಖ ಮಾತ್ರ ಬಿಳಿಚಿಕೊಂಡಿತ್ತು. ಇಲ್ಲದ ಗಿಡ ಎಲ್ಲಿಂದ ಬಂತೆಂದು ನನ್ನನ್ನೇ ನೋಡುತ್ತಿದ್ದಳು. ನಾನು ಆಕಾಶ ನೋಡಿದೆ. ಎರಡನೆಯ ತಾರಸಿಯೂ ದಾಟಿತು. ಕೆಳಗೆ ನಮ್ಮ ಯಜಮಾನರು ಎಡ ಮಂಡಿ ಮುಗಿಸಿ ಬಲ ಮಂಡಿಗೆ ಬಂದಿದ್ದರು. ಮೂರನೆಯ ತಾರಸಿಗೆ ಹತ್ತಿದರೆ ಮೇಡಂ ಮತ್ತೆ ಆ ಬದನೆಕಾಯಿಯನ್ನು ಮುಟ್ಟಿ, ಎಷ್ಟು ಒಳ್ಳೆಯ ತಳಿ, ಎಲ್ಲರ ಮನೆಯಲ್ಲೂ ಒಂದೇ ಗಾತ್ರ ಬಂದಿದೆ ಎಂದರು. ಅಷ್ಟರಲ್ಲಿ ಅವಸರಕ್ಕೆ ಸುತ್ತಿದ್ದ ಗೋಣಿ ಜಾರಿತು. ಸುಸ್ವಾಗತ.

ಸಾಹೇಬರು ನೋಡದವರ ಹಾಗೆ ಫೋಟೋ ತೆಗೆಯುತ್ತಲೇ ಇದ್ದರು. ಇನ್ನೊಂದು ಮನೆ ದಾಟಿದ್ದರೆ ಮುಗಿದು ಹೋಗುತ್ತಿತ್ತು.

"ಮೇಡಂ, ಇದು ಮೊದಲನೇ ಮನೇಲಿ ನೀವು ಮುಟ್ಟಿದ ಕಾಯಿ. ಅದೇ ಗಿಡ" ಎಂದಳು ನಮ್ಮವಳು.

ಅವಳನ್ನು ಅಲ್ಲಿಂದಲೇ ಕೆಳಕ್ಕೆ ತಳ್ಳಿಬಿಡೋಣ ಅನ್ನಿಸಿತು. ಮೋಟುಗೋಡೆಯ ಆಚೆ ಟೊಮೇಟೊ ಕುಂಡ ಎತ್ತಿ ಹಿಡಿದಿದ್ದ ಹೆಂಗಸು ಹಾಗೇ ನಿಂತುಬಿಟ್ಟಳು, ಇಳಿಸಬೇಕೋ ಬೇಡವೋ ತಿಳಿಯದೆ. ನಮ್ಮವಳು ಮಂಜುಳನ ಕಡೆ ತಿರುಗಿದಳು. ಬೈಯುವ ದನಿಯಲ್ಲ, ಅವಳು ಯಾವತ್ತೂ ಕೇಳುವ ದನಿ.

"ನಾನು ಕೊಟ್ಟ ಚೀಲ ಏನಾಯ್ತು ಮಂಜುಳ?"

"ಅಟ್ಟದ ಮೇಲೆ ಮಡಚಿಟ್ಟಿದೀನಿ ಮೇಡಂ. ಇನ್ನೆಲ್ಲಿಡ್ಲಿ? ನಾವು ಬಾಡಿಗೆಯೋರು. ಟೆರೇಸ್ ಬೀಗ ಓನರ್ ಹತ್ರ ಇರುತ್ತೆ. ಬಟ್ಟೆ ಒಣಗ್ಸೋಕೂ ಬಿಡಲ್ಲ. ನಾವ್ಯಾರೂ ಇವತ್ತಿನ ತನಕ ಮೇಲಕ್ಕೇ ಬಂದಿಲ್ಲ. ಕ್ಲಾಸಿಗೆ ಬಂದೋರೆಲ್ಲ ಬಾಡಿಗೆಯೋರೇ ಮೇಡಂ. ನೀವು ಅದೊಂದು ಬಿಟ್ಟು ಬೇರೆಲ್ಲ ಕೇಳಿದ್ರಿ."

ಮಂಜುಳ ಓನರ್ ಎಂದದ್ದು ನನ್ನನ್ನು. ಎಲ್ಲರೂ ನನ್ನ ಸೊಂಟದ ಬೀಗದ ಕೈ ಗೊಂಚಲನ್ನು ನೋಡಿದರು. ನೋಡಲಿ. "ನೀರು ಹಾಕಿದ್ರೆ ತಾರಸಿ ಮೋಲ್ಡ್ ಸೋರುತ್ತೆ. ಸೋರಿದ್ರೆ ಮಾಡಿಸ್ಕೊಡೋರು ಯಾರು, ನಿಮ್ಮ ಯೂನಿವರ್ಸಿಟಿಯೋರಾ?" ಎಂದೆ. ಅದು ನ್ಯಾಯದ ಮಾತೇ.

ಇಳಿಯುವಾಗ ನಾದಿನಿ ನನ್ನ ಪಕ್ಕ ಬಂದು, "ಮುಚ್ಚಳ ಎಲ್ಲ ತೆಗೆದು ನೋಡ್ದೆ ಅತ್ತಿಗೆ. ಬೀಗ ನೋಡ್ಲಿಲ್ಲ" ಎಂದಳು. ಆ ಬೀಗ ಅವಳ ಮನೆಯ ಮೇಲೆಯೇ ಇತ್ತು.

ವರದಿಯಲ್ಲಿ ಅವಳು ಫಲಿತಾಂಶ ಇಲ್ಲ ಎಂದೇ ಬರೆದಳಂತೆ. ಹೆಂಗಸರು ಕಲಿಯಲಿಲ್ಲವೆಂದಲ್ಲ, ತಾರಸಿ ಯಾರ ಕೈಯಲ್ಲಿದೆ ಎಂದು ಯೋಜನೆ ಮಾಡಿದ ತಾನೇ ಕೇಳಲಿಲ್ಲ ಎಂದು. ಸಾಹೇಬರು ತಲೆ ತಲೆ ಚಚ್ಚಿಕೊಂಡರು. ಆದರೆ ಆ ಬೇರೆ ಊರಿನ ಮೇಡಂ, ಇಷ್ಟು ವರ್ಷದಲ್ಲಿ, ಕೆಲಸ ಆಗಲಿಲ್ಲ ಎಂದು ಕಾರಣ ಸಮೇತ ಬರೆದ ವರದಿ ಇದೊಂದೇ ನೋಡಿದ್ದು, ಇನ್ನೊಂದು ವರ್ಷ ಕೊಡಿ ಎಂದರಂತೆ. ಒಂದು ಷರತ್ತು ಹಾಕಿದರು. ಈ ಸಲ ಕಲಿಸಬೇಕಾದದ್ದು ಬಾಡಿಗೆಯವರಿಗಲ್ಲ, ಓನರುಗಳಿಗೆ. ಮಳೆಗಾಲದೊಳಗೆ ಬೀಗ ತೆಗೆದ ತಾರಸಿ ಕಾಣದಿದ್ದರೆ ಕಾರ್ಯಕ್ರಮ ಮುಚ್ಚುತ್ತದೆ, ಸವಿತನ ಕೆಲಸವೂ.

"ಓನರುಗಳಿಗೆ ಬುದ್ಧಿ ಕಲಿಸೋ ಯೂನಿವರ್ಸಿಟಿ ಇನ್ನೂ ಹುಟ್ಟಿಲ್ಲ ಕಣಮ್ಮ" ಎಂದರು ನಮ್ಮ ಯಜಮಾನರು.

ಯುಗಾದಿ ಬಂತು. ಬೇವು ಬೆಲ್ಲ ಆಯಿತು. ಅವಳು ಓದಿದಳು. ಅಣ್ಣನಿಗೆ ನಡಿಗೆ, ಹೋಟೆಲಿಲ್ಲದ ದಿಕ್ಕಿಗೆ. ಅವಳಿಗೆ ನಿವೃತ್ತಿ. ಓದುವುದು ನಿಂತಿತು. ನನ್ನ ಹೆಸರೇ ಬರಲಿಲ್ಲ.

"ನಂದೆಲ್ಲಿ?" ಎಂದೆ.

"ಈ ವರ್ಷ ನಿಮಗೇನೂ ಇಟ್ಟಿಲ್ಲ ಅತ್ತಿಗೆ."

"ಯಾಕೆ? ನಾನು ಬದಲಾಗ್ಬಿಟ್ನಾ?"

"ಈಗ ನೀವು ಓನರ್ ಅಂತ ನನ್ನ ಆಫೀಸ್ ಯೋಜನೇಲಿ ಬರ್ತೀರ. ಮನೆಯೋಳಾಗಿ ನಿಮಗೆ ಗುರಿ ಇಟ್ಟು, ನನಗೋಸ್ಕರ ನೀವು ಬೀಗ ತೆಗೆದ್ರೆ, ಅದು ಫಲಿತಾಂಶ ಅಲ್ಲ, ದಾಕ್ಷಿಣ್ಯ. ಅದಕ್ಕೇ ನಿಮ್ಮನ್ನ ಏನೂ ಕೇಳಲ್ಲ" ಎಂದಳು.

ಕೇಳಿದಿರಾ! ಊರಿನವರ ಮನೆ ಬಾಗಿಲು ತಟ್ಟಿ ಕೇಳುತ್ತಾಳೆ, ಮನೆಯವಳನ್ನು ಕೇಳುವುದಿಲ್ಲ. ಅಷ್ಟು ವರ್ಷ ನನ್ನ ಹೆಸರು ಬಂದಾಗ ನಗು ಬರುತ್ತಿತ್ತು, ಬಾರದೆ ಇದ್ದಾಗ ಒಬ್ಬಟ್ಟು ಸಪ್ಪೆಯಾಯಿತು. ಬೆಲ್ಲ ಕಡಿಮೆ ಹಾಕಿದ್ದೇನೆಂದು ಬಾಯಿಗೆ ಬಂದ ಹಾಗೆ ನನ್ನನ್ನೇ ಬೈದುಕೊಂಡೆ.

ಆಮೇಲಿನ ದಿನಗಳಲ್ಲಿ ಬಿಸಿಲಲ್ಲಿ ಓಡಾಡಿ ಬರುವಳು, ಛತ್ರಿ ಮಡಚಿಟ್ಟು ನೀರು ಕುಡಿದು ಮೇಲೆ ಹೋಗುವಳು. ಏನಾಯಿತೆಂದು ಹೇಳುತ್ತಿರಲಿಲ್ಲ, ನಾನೂ ಕೇಳಲಿಲ್ಲ. ಒಂದು ದಿನ ಸವಿತ ಒಬ್ಬಳೇ ಬಂದಾಗ ಮಜ್ಜಿಗೆ ಕೊಟ್ಟು ಕೂರಿಸಿ ಬಾಯಿ ಬಿಡಿಸಿದೆ. ಓನರುಗಳು ಗೇಟಿನಿಂದಲೇ ಕಳಿಸುತ್ತಿದ್ದರಂತೆ. ಎಲ್ಲರದ್ದೂ ಒಂದೇ ಮಾತಂತೆ.

"ಏನಂತೆ?"

ಸವಿತ ಮಜ್ಜಿಗೆ ಲೋಟ ನೋಡುತ್ತಾ, "ಮೊದಲು ನಿಮ್ಮ ಅತ್ತಿಗೆ ಮನೆ ಬೀಗ ತೆಗೆಸಿ, ಆಮೇಲೆ ನಮ್ಮತ್ರ ಬನ್ನಿ ಅಂತಾರೆ ಅಮ್ಮ. ಮೇಡಂ ಅದಕ್ಕೆ ಏನೂ ಹೇಳಲ್ಲ. ಮುಂದಿನ ಮನೆಗೆ ಹೋಗೋಣ ಬಾ ಅಂತಾರೆ" ಎಂದಳು.

ಇದನ್ನು ಕೇಳಿ ನಮ್ಮ ಯಜಮಾನರು ಪೇಪರಿನ ಹಿಂದಿನಿಂದ, "ರಾಜಾಜಿನಗರದ ಓನರಮ್ಮ ನಿನ್ನ ಸಂಡಿಗೆ ಚಾಪೆ ಸಮೇತ ಟೆರೇಸಿಂದ ಕೆಳಕ್ಕೆ ಹಾಕಿದ್ದು ನೆನಪಿದೆಯೇನೇ?" ಎಂದರು. ಪೇಪರು ಓದುವವರು ಪೇಪರು ಓದಬೇಕು ಎಂದು ಹೇಳಿದೆ.

ಆದರೂ ಸಂಜೆ ಗೊಂಚಲಿನಿಂದ ತಾರಸಿಯ ಬೀಗದ ಕೈಯನ್ನು ಬಿಡಿಸಿದೆ. ತುಕ್ಕು ಹಿಡಿದ ಉಂಗುರ, ಬರಲೊಲ್ಲದು, ಇಕ್ಕಳ ತಂದು ಎಳೆದೆ. ಮಂಜುಳ ಕೆಲಸದಿಂದ ಬಂದಾಗ ಅವಳ ಕೈಗೆ ಕೊಟ್ಟು, ಬಟ್ಟೆ ಒಣಗಿಸಿಕೊ, ಆ ಚೀಲಗಳನ್ನೂ ಇಟ್ಟುಕೊ, ಗೇಟು ದಡಾರನೆ ಹಾಕಿದರೆ ವಾಪಸ್ಸು ಕಿತ್ತುಕೊಳ್ಳುತ್ತೇನೆ ಎಂದೆ. ಆಮೇಲೆ ಗೇಟಿನಿಂದ ಮಾತಾಡಿದ ಓನರುಗಳ ಮನೆಗೆ ಒಂದೊಂದಾಗಿ ಹೋದೆ. ನನ್ನ ಮನೆ ಬೀಗ ತೆಗೆದಿದೆ, ಈಗ ಹೇಳಿ ಎಂದೆ. ಕೆಲವರು ತೆಗೆದರು. ಕೆಲವರು ಇನ್ನೂ ನೋಡೋಣ ಎನ್ನುತ್ತಿದ್ದಾರೆ. ನಾದಿನಿಗೆ ಹೇಳಬೇಡಿ ಎಂದು ಎಲ್ಲರಿಗೂ ಹೇಳಿದ್ದೆ. ಹೇಳಿದರೆ ದಾಕ್ಷಿಣ್ಯದ ಲೆಕ್ಕಕ್ಕೆ ಹಾಕಿ ಎಲ್ಲವನ್ನೂ ಹೊಡೆದು ಹಾಕುತ್ತಾಳೆ. ಅವಳಿಗೆ ಗೊತ್ತಾಗದೆ ಇರುತ್ತದೆಯೇ, ಮೇಲೆಯೇ ಇರುವವಳು? ತಾರಸಿ ಹತ್ತಿ ನೋಡಿರಬೇಕು. ನನ್ನ ಹತ್ತಿರ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ.

ಮಳೆ ಬಂತು. ನಾನು ಹೇಳಿದ್ದೇ ಆಯಿತು. ನಮ್ಮ ನಡುಮನೆಯ ಮೂಲೆ ಸೋರಿತು! ತಾರಸಿಯಿಂದ ಗೋಡೆಯೊಳಗೆ ಹಾದು ಕೆಳಗಿನ ಮನೆಗೇ ಇಳಿದಿತ್ತು ನೀರು, ಮಧ್ಯದ ಅಂತಸ್ತನ್ನು ಬಿಟ್ಟು ನೇರ ನನ್ನ ತಲೆಗೆ. ಬೈಯೋಣವೆಂದು ಮೇಲೆ ಹೋದೆ. ಮಂಜುಳ ಬದನೆ ಗಿಡಕ್ಕೆ ಕೋಲು ಕಟ್ಟುತ್ತಿದ್ದಳು. ಗಿಡದಲ್ಲಿ ನೇರಳೆ ಹೂವಿತ್ತು. ಬೈಯದೆ ಇಳಿದು ಬಂದೆ. ಮಂಡಿ ನೋಯುತ್ತಿತ್ತು, ಬೈಯಲು ಉಸಿರಿರಲಿಲ್ಲ, ಅಷ್ಟೇ. ಅಕ್ಕಿಯ ಡ್ರಮ್ಮು ಖಾಲಿ ಮಾಡಿ ಸೋರುವ ಜಾಗಕ್ಕೆ ಇಟ್ಟೆ.

ಜುಲೈ ಕೊನೆಗೆ ಅವಳಿಗೆ ಆಫೀಸಿನಲ್ಲಿ ಬೀಳ್ಕೊಡುಗೆ. ಶಾಲು ಹೊದಿಸಿದ್ದರು, ಏಲಕ್ಕಿ ಹಾರ ಹಾಕಿದ್ದರು, ಹಣ್ಣಿನ ಬುಟ್ಟಿ ಕೊಟ್ಟಿದ್ದರು. ಆಟೋದಿಂದ ಇಳಿದಳು. ಜೊತೆಯಲ್ಲಿ ಸವಿತ, ಬುಟ್ಟಿ ಹಿಡಿದುಕೊಂಡು. ಬೀಗ ತೆಗೆದ ತಾರಸಿಗಳು ಸಾಕಾದವಂತೆ, ಸವಿತನಿಗೆ ಈ ವರ್ಷ ಪೂರ್ತಿ ಕೆಲಸ ಇದೆ, ಮುಂದಿನ ವರ್ಷದ್ದು ಮುಂದೆ. ನಾದಿನಿ ಬರುವ ಸದ್ದು ಕೇಳಿ ನಾನು ಡ್ರಮ್ಮಿಗೆ ಮುಚ್ಚಳ ಹಾಕಿದ್ದೆ. ಇವತ್ತೊಂದು ದಿನ ಅವಳು ಸೋರುವುದನ್ನು ನೋಡಬೇಕಾಗಿಲ್ಲ.

ಒಳಗೆ ಬಂದವಳು ಶಾಲನ್ನೂ ತೆಗೆಯದೆ ಡ್ರಮ್ಮು ನೋಡಿದಳು. ಅಕ್ಕಿ ಡ್ರಮ್ಮು ನಡುಮನೆಗೆ ಯಾಕೆ ಬಂತು ಎಂದು ಬೇರೆ ಯಾರಾದರೂ ಆದರೆ ಕೇಳುತ್ತಾರೆ. ಇವಳು ಕೇಳುವವಳೇ? ಮುಚ್ಚಳ ತೆಗೆದಳು. ಒಳಗೆ ನೀರು. ತಲೆ ಎತ್ತಿ ಮೇಲೆ ನೋಡಿದಳು. ಒಂದು ಹನಿ ಅವಳ ಕನ್ನಡಕದ ಮೇಲೆ ಬಿತ್ತು.

"ಅತ್ತಿಗೆ, ಸೋರ್ತಾ ಇದೆ."

"ಹೂಂ. ಸೋರುತ್ತೆ ಅಂದಿದ್ನಲ್ಲ. ಬರ್ಕೋ."

"ಇನ್ನು ಬರ್ಕೊಳೋದು ಸವಿತನ ಕೆಲಸ" ಎಂದಳು. ಸವಿತ ಬುಟ್ಟಿಯನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದಳು. ನಾದಿನಿ ಮುಚ್ಚಳವನ್ನು ಮತ್ತೆ ಹಾಕಲಿಲ್ಲ. ಅದನ್ನು ಎದೆಗೆ ಒತ್ತಿ ಹಿಡಿದುಕೊಂಡು, ಶಾಲು ಹೊದ್ದುಕೊಂಡೇ, ಹನಿ ಬೀಳುವುದನ್ನು ನೋಡುತ್ತಾ ಕುರ್ಚಿಯ ಮೇಲೆ ಕೂತಳು. ಕನ್ನಡಕ ಒರೆಸಿಕೊಳ್ಳಲಿಲ್ಲ.

ನಾನು ಅಡುಗೆಮನೆಗೆ ಹೋಗಿ ಹುಳಿಗೆ ಬದನೆಕಾಯಿ ಹೆಚ್ಚಿದೆ. ಬೆಳಿಗ್ಗೆ ಮಂಜುಳ ತಂದು ಕೊಟ್ಟದ್ದು, ಸಣ್ಣ ಸಣ್ಣವು, ಒಂದರಲ್ಲಿ ಹುಳ ಇತ್ತು. ಹೆಚ್ಚಿ ನೀರಿಗೆ ಹಾಕಿ, ಅಲ್ಲಿಂದಲೇ ಕೂಗಿ, ಇವತ್ತು ಕೆಳಗೇ ಊಟ ಮಾಡು, ಮಾಡಿ ಹೊಟ್ಟೆ ತುಂಬಿತೋ ಇಲ್ಲವೋ ಹೇಳು ಎಂದೆ.